ಪಿ16: ಬ್ರೇಕ್ ಒತ್ತಿದರೂ ನಿಲ್ಲದ ಗಾಡಿ

ಗರ್ಭಕಂಠದ ಕ್ಯಾನ್ಸರ್‌ನ ಬಯೋಮಾರ್ಕರ್‌ಗಳನ್ನು (ಕಾಯಿಲೆಯ ಸುಳಿವು ಕೊಡುವ ಗುರುತುಗಳನ್ನು) ಓದುವಾಗ ನನ್ನನ್ನು ತುಂಬಾ ದಿನ ಕಾಡಿದ್ದು ಪಿ16. ಜೀವಕೋಶ ಬೇಕಾಬಿಟ್ಟಿ ಒಡೆದು ಎರಡಾಗದಂತೆ ತಡೆಯುವ ಪ್ರೋಟೀನ್ ಇದು. ಬೇರೆ ಎಷ್ಟೋ ಕ್ಯಾನ್ಸರ್‌ಗಳಲ್ಲಿ ಇದು ಕಾಣೆಯಾಗಿರುತ್ತದೆ. ಅದು ಅರ್ಥವಾಗುತ್ತದೆ. ಬ್ರೇಕ್ ಹೋಯಿತು, ಗಾಡಿ ಓಡಿತು. ಆದರೆ ಇಲ್ಲಿ ಉಲ್ಟಾ: ಕೆಟ್ಟ ಕೋಶದಲ್ಲೇ ಪಿ16 ಜಾಸ್ತಿ. ಯಾಕೆ? ಇದೊಂದು ತಲೆಗೆ ಹೋದರೆ ಉಳಿದ ಮಾರ್ಕರ್‌ಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ವೈರಸ್‌ನಿಂದ ಶುರು ಮಾಡೋಣ. ಈ ಕ್ಯಾನ್ಸರ್ ಹೆಚ್ಚುಕಡಿಮೆ ಎಲ್ಲವೂ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಸೋಂಕಿನಿಂದಲೇ ಬರುವಂಥದ್ದು. ಅದರಲ್ಲೂ 16 ಮತ್ತು 18ನೇ ಬಗೆಗಳಿಂದಲೇ ಸುಮಾರು 70%. ಇವನ್ನು 1983–84ರಲ್ಲಿ ಗಡ್ಡೆಗಳೊಳಗೆ ಪತ್ತೆ ಹಚ್ಚಿದ್ದು ಜರ್ಮನಿಯ ಹರಾಲ್ಡ್ ಝುರ್ ಹೌಸನ್ ತಂಡ. 2008ರಲ್ಲಿ ಅವರಿಗೆ ನೊಬೆಲ್ ಬಂತು.

ವೈರಸ್‌ನ ಎರಡು ಪ್ರೋಟೀನ್‌ಗಳನ್ನು ಮರೆಯಬೇಡಿ. ಇ6 ಹೋಗಿ ನಮ್ಮ ಕೋಶದ ಕಾವಲು ಪ್ರೋಟೀನ್ ಪಿ53ಯನ್ನು ನಾಶ ಮಾಡಿಸುತ್ತದೆ. ಇ7 ಹೋಗಿ ಕೋಶ ಒಡೆಯದಂತೆ ಕಾಯುವ ಆರ್‌ಬಿ ಅನ್ನುವ ಇನ್ನೊಂದು ಪ್ರೋಟೀನನ್ನು ಹಿಡಿಯುತ್ತದೆ. ನಮ್ಮ ಪ್ರಶ್ನೆಗೆ ಉತ್ತರ ಇರುವುದು ಈ ಎರಡನೆಯದರಲ್ಲಿ. ಪಿ16 ನೇರವಾಗಿ ಕೋಶವನ್ನು ನಿಲ್ಲಿಸುವುದಿಲ್ಲ. ಆರ್‌ಬಿ ತನ್ನ ಕಾವಲು ಬಿಡದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಅಂದರೆ ಪಿ16 ಪೆಡಲ್, ಆರ್‌ಬಿ ಚಕ್ರವನ್ನು ಹಿಡಿಯುವ ಪಟ್ಟಿ. ಇ7 ಆ ಪಟ್ಟಿಯನ್ನೇ ಕಿತ್ತುಹಾಕಿದೆ. ಕೋಶ ಪೆಡಲ್ ಒತ್ತುತ್ತಲೇ ಇದೆ, ಪಿ16 ರಾಶಿ ಬೀಳುತ್ತಿದೆ, ಗಾಡಿ ಮಾತ್ರ ನಿಲ್ಲುತ್ತಿಲ್ಲ. ನಮಗೆ ಕಾಣುವ ಜಾಸ್ತಿ ಪಿ16 ಇದೇ. ಇ7 ಕೆಲಸಕ್ಕೆ ಇಳಿದಿದೆ ಅನ್ನುವುದರ ಗುರುತು ಅದು.

ಈಗ ಸ್ಲೈಡ್ ನೋಡಿ. ಬಯಾಪ್ಸಿ ತುಣುಕಿಗೆ ಪಿ16 ಇರುವಲ್ಲಿ ಕಂದಾಗುವ ಬಣ್ಣ ಹಾಕಿದಾಗ ತಳದ ಪದರದಿಂದ ಮೇಲಕ್ಕೆ ಒಂದೂ ಕೋಶ ಬಿಡದೆ ಗಾಢ ಕಂದು ಪಟ್ಟಿ ಎದ್ದು ಕಂಡರೆ ಅದು ಪಾಸಿಟಿವ್. ಅಲ್ಲೊಂದು ಇಲ್ಲೊಂದು ಚುಕ್ಕೆ ಕಂಡರೆ ನೆಗೆಟಿವ್. ಹೊಸದಾಗಿ ನೋಡುವವರು ಎಡವುವುದು ಇಲ್ಲೇ. ಬಣ್ಣ ಕಂಡ ತಕ್ಷಣ ಪಾಸಿಟಿವ್ ಅಂತ ಬರೆದುಬಿಡುತ್ತಾರೆ.

ಗರ್ಭಕಂಠದಿಂದ ಸವರಿ ತೆಗೆದ ಬಿಡಿ ಕೋಶಗಳಲ್ಲಿ ಪದರ ಕಾಣುವುದಿಲ್ಲ ಅಲ್ವಾ? ಅಲ್ಲಿ ಪಿ16 ಜೊತೆ ಕೆಐ-67 ಅನ್ನುವ ಪ್ರೋಟೀನನ್ನೂ ನೋಡುತ್ತಾರೆ. ಕೆಐ-67 ಇದ್ದರೆ ಕೋಶ ಒಡೆಯುವ ಹಾದಿಯಲ್ಲಿದೆ ಎಂದರ್ಥ. ಆರೋಗ್ಯವಾದ ಕೋಶದಲ್ಲಿ ನಿಲ್ಲು ಅನ್ನುವ ಪಿ16, ಓಡು ಅನ್ನುವ ಕೆಐ-67 ಒಟ್ಟಿಗೆ ಇರುವುದಿಲ್ಲ. ಒಂದೇ ಕೋಶದಲ್ಲಿ ಕಂದು ಬಣ್ಣವೂ (ಪಿ16) ನಡುವೆ ಕೆಂಪು ನ್ಯೂಕ್ಲಿಯಸ್ಸೂ (ಕೆಐ-67) ಕಂಡರೆ ಆ ಕೋಶದ ಹಿಡಿತ ತಪ್ಪಿದೆ. ಅಂಥ ಒಂದೇ ಒಂದು ಕೋಶ ಸಿಕ್ಕರೂ ಪಾಸಿಟಿವ್. ನನಗೆ ಇದು ಇಡೀ ಪಾಠದಲ್ಲೇ ತುಂಬಾ ಚೆಂದದ ಪರೀಕ್ಷೆ.

ಹಾಗಾದರೆ ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಯಾಕೆ ಬೇಕು? ಅದು ಕೇಳುವ ಪ್ರಶ್ನೆಯೇ ಬೇರೆ: ವೈರಸ್ ಇದೆಯೋ ಇಲ್ಲವೋ. ಬಹುತೇಕ ಸೋಂಕು ಒಂದೆರಡು ವರ್ಷದಲ್ಲಿ ತಾನಾಗೇ ಹೋಗುತ್ತದೆ. ಹಾಗಾಗಿ ಪಾಸಿಟಿವ್ ಬಂದರೆ ಕ್ಯಾನ್ಸರ್ ಅಂತಲ್ಲ. ಈ ಮಾತನ್ನು ಪರೀಕ್ಷೆ ಮಾಡಿಸಿಕೊಂಡವರಿಗೆ ಕೂರಿಸಿ ಹೇಳಬೇಕು, ಪಾಪ, ವರದಿ ನೋಡಿ ಕುಸಿದುಬಿಡುತ್ತಾರೆ. ಆದರೆ ನೆಗೆಟಿವ್ ಬಂದರೆ ಕೆಲವು ವರ್ಷ ನಿಶ್ಚಿಂತೆ. ನಮ್ಮ ಬೀದರ್, ಕಲಬುರಗಿಗೆ ಅಂಟಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 1,30,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಈ ಕ್ಯಾನ್ಸರ್‌ನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಈಗ 35 ವರ್ಷದೊಳಗೆ ಒಮ್ಮೆ, 45ರೊಳಗೆ ಮತ್ತೊಮ್ಮೆ ಇಂಥ ಪರೀಕ್ಷೆ ಆಗಲಿ ಅನ್ನುತ್ತದೆ.

ರಕ್ತದಲ್ಲಿ ನೋಡುವ ಎಸ್‌ಸಿಸಿ ಆಂಟಿಜನ್ ಅನ್ನುವ ಪ್ರೋಟೀನ್ ಬಗ್ಗೆ ಇಷ್ಟು ಸಾಕು: ಅದು ಪತ್ತೆಗಲ್ಲ. ಸೋರಿಯಾಸಿಸ್‌ನಂಥ ಚರ್ಮದ ಕಾಯಿಲೆಯಲ್ಲೂ ಏರುತ್ತದೆ. ಸ್ಕ್ವಾಮಸ್ ಬಗೆಯ (ಹೊರಪದರದ ಚಪ್ಪಟೆ ಕೋಶಗಳ) ಕ್ಯಾನ್ಸರ್‌ಗೆ ಚಿಕಿತ್ಸೆ ಆದ ಮೇಲೆ ಇಳಿದಿದ್ದ ಮಟ್ಟ ಮತ್ತೆ ಏರಿತೇ ಅಂತ ನೋಡಲು ಉಪಯೋಗ.