ಶುಕ್ರವಾರದವರೆಗೋ ಶುಕ್ರವಾರದೊಳಗೋ: ಪರ್ಷಿಯನ್ ಮಾತುಗಾರರಿಗೆ ಇಂಗ್ಲಿಷಿನ ‘ತಡ’

ಪರ್ಷಿಯನ್ನಿನಲ್ಲಿ ‘ತಾ ಜೊಮ್ಎ’ ಎಂದರೆ ಶುಕ್ರವಾರದವರೆಗೆ. ಶುಕ್ರವಾರದೊಳಗೆ ಎನ್ನುವುದಕ್ಕೂ ಅದೇ ಮಾತು. ಯಾವುದು ಎಂಬುದನ್ನು ಕೇಳುವವರು ಸಂದರ್ಭದಿಂದ ತಿಳಿದುಕೊಳ್ಳುತ್ತಾರೆ. ಇಂಗ್ಲಿಷ್ ಮಾತ್ರ ಇವೆರಡನ್ನೂ ಬೇರೆ ಬೇರೆ ಇಟ್ಟಿದೆ: ಮೊದಲನೆಯದಕ್ಕೆ ‘ಅಂಟಿಲ್’, ಎರಡನೆಯದಕ್ಕೆ ‘ಬೈ’. ‘ವರೆಗೆ’, ‘ಒಳಗೆ’ ಎಂದು ವಿಂಗಡಿಸುವ ಕನ್ನಡಿಗರಿಗೆ ಇದು ಸಲೀಸು. ಇರಾನಿನ ಕಲಿಯುವವರು ಎಡವುವುದು ಇಲ್ಲೇ.

‘ಐ ವಿಲ್ ಸೆಂಡ್ ಇಟ್ ಅಂಟಿಲ್ ಫ್ರೈಡೇ’ ಎಂದರೆ ಕಿವಿಗೆ ವಿಚಿತ್ರವಾಗಿ ಕೇಳಿಸುತ್ತದೆ, ಆದರೆ ಹೇಳಹೊರಟಿದ್ದೇನು ಎಂದು ಎದುರಿನವರು ಊಹಿಸಿಕೊಳ್ಳಬಲ್ಲರು. ಅಪಾಯವಿರುವುದು ನಿಷೇಧವಾಕ್ಯದಲ್ಲಿ. ‘ಐ ಕಾಂಟ್ ಸೆಂಡ್ ಇಟ್ ಬೈ ಫ್ರೈಡೇ’ ಎಂದರೆ ಶುಕ್ರವಾರದೊಳಗೆ ಆಗದು, ಇನ್ನೂ ದಿನ ಬೇಕು. ‘ಐ ಕಾಂಟ್ ಸೆಂಡ್ ಇಟ್ ಅಂಟಿಲ್ ಫ್ರೈಡೇ’ ಎಂದರೆ ಅಲ್ಲಿಯವರೆಗೆ ಆಗದು, ಶುಕ್ರವಾರ ಕಳಿಸಬಲ್ಲೆ. ಎರಡೂ ಶುದ್ಧ ಇಂಗ್ಲಿಷ್, ವ್ಯಾಕರಣ ತಿದ್ದುವ ತಂತ್ರಾಂಶ ಎರಡಕ್ಕೂ ಕೆಂಪು ಗೆರೆ ಎಳೆಯದು. ಪರ್ಷಿಯನ್ನಿನಲ್ಲಿ ಯೋಚಿಸುವವರಿಗೆ ಎರಡೂ ‘ತಾ ಜೊಮ್ಎ ನೆಮಿತವಾನಮ್’ ಎಂಬ ಒಂದೇ ವಾಕ್ಯವಾಗಿ ಕಾಣಬಹುದು. ಇದಕ್ಕೊಂದು ಪರೀಕ್ಷೆಯಿದೆ. ‘ತಾ’ ಇರುವಲ್ಲಿ ‘ಹದ್ದೆ ಅಕ್ಸರ್ ತಾ’, ಅಂದರೆ ಹೆಚ್ಚೆಂದರೆ ಇಷ್ಟರೊಳಗೆ, ಎಂದು ಹಾಕಿ ನೋಡಬೇಕು. ಅರ್ಥ ಕೆಡದಿದ್ದರೆ ‘ಬೈ’, ಕೆಟ್ಟರೆ ‘ಅಂಟಿಲ್’.

ತಡಕ್ಕೆ ಸಂಬಂಧಿಸಿದ ಇಂಗ್ಲಿಷ್ ಪದಗಳನ್ನು ಇಪ್ಪತ್ತು ಮೂವತ್ತರ ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವ ಪಾಠಗಳಿಗೆ ಕೊರತೆಯಿಲ್ಲ. ಅವುಗಳಿಂದ ಲಾಭ ಕಡಿಮೆ. ಪದ ಗೊತ್ತಿಲ್ಲದೆ ಆಗುವ ತಪ್ಪಿಗಿಂತ, ತಾಯ್ನುಡಿ ಒಂದೇ ಪದದಲ್ಲಿ ಮುಗಿಸುವುದನ್ನು ಇಂಗ್ಲಿಷ್ ಎರಡಾಗಿ ಸೀಳಿದ ಕಡೆ ಆಗುವ ತಪ್ಪೇ ದುಬಾರಿ.

‘ದೀರ್’ ಎಂಬ ಪದವನ್ನೇ ನೋಡಿ. ಪರ್ಷಿಯನ್ನಿನಲ್ಲಿ ಅದು ವಿಶೇಷಣವೂ ಹೌದು, ಕ್ರಿಯಾವಿಶೇಷಣವೂ ಹೌದು, ರೂಪ ಬದಲಾಗದು. ಇಂಗ್ಲಿಷಿನಲ್ಲಿ ಕ್ರಿಯಾವಿಶೇಷಣಕ್ಕೆ ‘ಲಿ’ ಹಚ್ಚಬೇಕೆಂದು ಶಾಲೆಯಲ್ಲಿ ಕಲಿತ ವಿದ್ಯಾರ್ಥಿ ತಡವಾಗಿ ಬಂದುದನ್ನು ‘ಐ ಕೇಮ್ ಲೇಟ್ಲಿ’ ಎನ್ನುತ್ತಾನೆ. ‘ಲೇಟ್ಲಿ’ ಎಂದರೆ ಇತ್ತೀಚೆಗೆ, ಪರ್ಷಿಯನ್ನಿನ ‘ಅಖೀರನ್’. ತಡವಾಗಿ ಎನ್ನಲು ‘ಲೇಟ್’ ಎಂದಷ್ಟೇ ಸಾಕು, ಬಾಲ ಬೇಡ. ಇನ್ನು ‘ಲೇಟ್’ ಅನ್ನು ವ್ಯಕ್ತಿಸೂಚಕ ಪದದ ಹಿಂದೆ ಇಟ್ಟರೆ ಪರ್ಷಿಯನ್ನಿನ ‘ಮರ್ಹೂಮ್’ ಆಗಿಬಿಡುತ್ತದೆ: ‘ಮೈ ಬಾಸ್ ಈಸ್ ಲೇಟ್’ ಎಂದರೆ ಇನ್ನೂ ಬಂದಿಲ್ಲ, ‘ಮೈ ಲೇಟ್ ಬಾಸ್’ ಎಂದರೆ ಇನ್ನು ಬರುವುದೇ ಇಲ್ಲ. ಮದುವೆ ಕರೆಯೋಲೆಗಳಲ್ಲಿ ಹಿರಿಯರ ಹೆಸರಿನ ಹಿಂದೆ ‘ಲೇಟ್’ ಓದಿ ರೂಢಿಯಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅವಸರದಲ್ಲಿ ಹೊರಡುವ ಇರಾನಿಯ ಬಾಯಲ್ಲಿ ಬರುವುದು ‘ದೀರಮ್ ಶೋದ್’. ‘ದೀರ್’ಗೆ ನನ್ನನ್ನು ಸೂಚಿಸುವ ‘ಅಮ್’ ಸೇರಿದೆ, ‘ಶೋದ್’ ಎಂದರೆ ಆಯಿತು. ‘ನನಗೆ ತಡವಾಯಿತು’ ಎಂಬ ನಮ್ಮ ವಾಕ್ಯದ ಕಟ್ಟೂ ಇಂಥದ್ದೇ. ಇಲ್ಲಿ ನಾನು ಕರ್ತೃವಲ್ಲ, ತಡ ನನಗೆ ಆಗಿದೆ. ಇಂಗ್ಲಿಷಿಗೆ ಈ ಸೌಜನ್ಯವಿಲ್ಲ. ಅಲ್ಲಿ ‘ಐ ಆಮ್ ಲೇಟ್’ ಎಂದು ಹೊಣೆ ಹೊರಲೇಬೇಕು. ‘ಇಟ್ ಈಸ್ ಲೇಟ್’ ಎಂದರೆ ರಾತ್ರಿ ಬಹಳವಾಯಿತು ಎಂದಾಗುತ್ತದೆ.

ವಿಮಾನ ತಡವಾದಾಗ ಇನ್ನೊಂದು ಸಿಕ್ಕು. ‘ಪರ್ವಾಜ್ ದೋ ಸಾಅತ್ ತಅಖೀರ್ ದಾರದ್’ ಎಂದರೆ ವಿಮಾನಕ್ಕೆ ಎರಡು ಗಂಟೆ ವಿಳಂಬ ‘ಇದೆ’. ಅದನ್ನು ಹಾಗೇ ಇಳಿಸಿದರೆ ‘ಹ್ಯಾಸ್ ಟೂ ಅವರ್ ಡಿಲೇ’ ಎಂದಾಗುತ್ತದೆ. ಸಂಖ್ಯೆಯ ಮುಂದಿನ ನಾಮಪದವನ್ನು ಪರ್ಷಿಯನ್ ಏಕವಚನದಲ್ಲೇ ಇಡುತ್ತದೆ, ನಾವು ‘ಎರಡು ಗಂಟೆ’ ಎನ್ನುವ ಹಾಗೆ. ಇಂಗ್ಲಿಷಿನಲ್ಲಿ ‘ದ ಫ್ಲೈಟ್ ಈಸ್ ಟೂ ಅವರ್ಸ್ ಲೇಟ್’ ಎಂಬಲ್ಲಿ ಬಹುವಚನ ಬೇಕು, ‘ಎ ಟೂ-ಅವರ್ ಡಿಲೇ’ ಎಂಬಲ್ಲಿ ಬಹುವಚನ ಕೂಡದು, ಜೊತೆಗೆ ನಡುವೆ ಅಡ್ಡಗೆರೆ ಬೇಕು. ಅಳತೆ ತಾನೇ ವಿಶೇಷಣವಾಗಿ ನಾಮಪದಕ್ಕೆ ಅಂಟಿದಾಗ ಅದರ ಬಹುವಚನ ಕಳಚುತ್ತದೆ. ಇಲ್ಲಿ ತಪ್ಪಿದರೆ ಯಾರ ವಿಮಾನವೂ ತಪ್ಪುವುದಿಲ್ಲ, ಹಾಗಾಗಿ ಇದನ್ನು ನಿಧಾನವಾಗಿ ಕಲಿತರೂ ನಡೆಯುತ್ತದೆ.

ದಿನಾಂಕ ಬದಲಿಸುವ ಮಾತು ಹಾಗಲ್ಲ. ‘ಅಕಬ್ ಅಂದಾಖ್ತನ್’ ಎಂದರೆ ಹಿಂದಕ್ಕೆ ಎಸೆ, ಅಂದರೆ ತಡ ಮಾಡು. ‘ಜೆಲೋ ಅಂದಾಖ್ತನ್’ ಎಂದರೆ ಮುಂದಕ್ಕೆ ಎಸೆ, ಅಂದರೆ ಬೇಗ ಮಾಡು. ಕನ್ನಡದಲ್ಲಿ ಇದು ತಿರುಗುಮುರುಗು, ನಾವು ತಡ ಮಾಡಬೇಕಾದ್ದನ್ನು ಮುಂದೂಡುತ್ತೇವೆ. ಇಂಗ್ಲಿಷ್ ಇವೆರಡರ ನಡುವೆ ಹೊಯ್ದಾಡುತ್ತದೆ. ‘ಬುಧವಾರದ ಸಭೆಯನ್ನು ಎರಡು ದಿನ ಮೂವ್ಡ್ ಫಾರ್ವರ್ಡ್ ಮಾಡಲಾಗಿದೆ, ಈಗ ಯಾವ ದಿನ?’ ಎಂಬ ಪ್ರಶ್ನೆ ಮನೋವಿಜ್ಞಾನಿಗಳಲ್ಲಿ ಪ್ರಸಿದ್ಧ. ಮೆಕ್‌ಗ್ಲೋನ್ ಮತ್ತು ಹಾರ್ಡಿಂಗ್ 1998ರಲ್ಲಿ ಇಂಥ ವಾಕ್ಯಗಳನ್ನು ಪರೀಕ್ಷಿಸಿದ್ದರು. ಇಂಗ್ಲಿಷನ್ನೇ ಆಡಿ ಬೆಳೆದವರಲ್ಲೂ ಕೆಲವರು ಸೋಮವಾರ ಎಂದರೆ ಕೆಲವರು ಶುಕ್ರವಾರ ಎನ್ನುತ್ತಾರೆ. ಕಾಲ ನಮ್ಮತ್ತ ಬರುತ್ತಿದೆ ಎಂದು ಕಲ್ಪಿಸಿಕೊಂಡರೆ ‘ಮುಂದೆ’ ಎಂದರೆ ಬೇಗ, ನಾವು ಕಾಲದಲ್ಲಿ ನಡೆಯುತ್ತಿದ್ದೇವೆ ಎಂದುಕೊಂಡರೆ ‘ಮುಂದೆ’ ಎಂದರೆ ತಡ. ಬೊರೊಡಿಟ್‌ಸ್ಕಿ ಮತ್ತು ರ‍್ಯಾಮ್‌ಸ್ಕಾರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಪ್ರಶ್ನೆಯನ್ನು ವಿಮಾನ ನಿಲ್ದಾಣದಲ್ಲೂ ಕೇಳಲಾಗಿತ್ತು. ಯಾರನ್ನೋ ಕರೆದೊಯ್ಯಲು ಕಾಯುತ್ತಿದ್ದವರಿಗಿಂತ ಆಗಷ್ಟೇ ವಿಮಾನದಿಂದ ಇಳಿದವರಲ್ಲಿ ‘ಶುಕ್ರವಾರ’ ಎಂದವರು ಹೆಚ್ಚು.

ಪರ್ಷಿಯನ್ನಿನ ‘ಜೆಲೋ’ ನಂಬಿ ಓದಿದವರಿಗೆ ಆ ವಾಕ್ಯ ಸೋಮವಾರ, ಕನ್ನಡದ ‘ಮುಂದೂಡು’ ನಂಬಿದವರಿಗೆ ಶುಕ್ರವಾರ. ‘ಬ್ರಿಂಗ್ ಫಾರ್ವರ್ಡ್’ ಎಂದರೆ ಬೇಗ, ‘ಪುಶ್ ಬ್ಯಾಕ್’ ಎಂದರೆ ತಡ. ಇವೆರಡನ್ನು ಮಾತ್ರ ಕಲಿತು, ‘ಮೂವ್ ಫಾರ್ವರ್ಡ್’ ಕಂಡಾಗ ಹೊಸ ತಾರೀಖು ಕೇಳಿಬಿಡುವುದು ಲೇಸು. ನಮ್ಮ ಪ್ರಿಯ ‘ಪ್ರಿಪೋನ್’ ಈ ಗೊಂದಲವನ್ನು ಒಂದೇ ಏಟಿಗೆ ಬಗೆಹರಿಸುತ್ತದಾದರೂ ಭಾರತೀಯ ಇಂಗ್ಲಿಷಿನ ಹೊರಗೆ ಅದರ ಬಳಕೆ ಕಡಿಮೆ. ಗಡಿಯಾರದ ವಿಷಯಕ್ಕೆ ಬಂದರೆ ದಿಕ್ಕು ತಲೆಕೆಳಗು: ಸಭೆಯನ್ನು ಒಂದು ಗಂಟೆ ‘ಬ್ಯಾಕ್’ ಹಾಕಿದರೆ 2 ಗಂಟೆಯದು 3ಕ್ಕೆ ಹೋಗುತ್ತದೆ, ಗಡಿಯಾರವನ್ನು ‘ಬ್ಯಾಕ್’ ತಿರುಗಿಸಿದರೆ 2 ಇದ್ದದ್ದು 1 ಆಗುತ್ತದೆ. ಪರ್ಷಿಯನ್ನಿನ ‘ಅಕಬ್’ ಕೂಡ ಹೀಗೇ ನಡೆದುಕೊಳ್ಳುವುದರಿಂದ ಇರಾನಿಗಳಿಗೆ ಇದು ಕಷ್ಟವಾಗದು. ಇರಾನ್ ಬೇಸಿಗೆಯ ಗಡಿಯಾರ ಬದಲಾವಣೆಯನ್ನು 2022ರಲ್ಲಿ ಕೈಬಿಟ್ಟಿದೆ, ಆದರೆ ಮಾತು ಉಳಿದಿದೆ.

‘ಪುಟ್ ಆಫ್’ ಮತ್ತು ‘ಕಾಲ್ ಆಫ್’ ಅದಲುಬದಲಾದರೆ ಪರಿಣಾಮ ದೊಡ್ಡದು: ಮೊದಲನೆಯದರಲ್ಲಿ ಕಾರ್ಯಕ್ರಮ ಇನ್ನೊಂದು ದಿನ ನಡೆಯುತ್ತದೆ, ಎರಡನೆಯದರಲ್ಲಿ ರದ್ದು. ಆರಂಭವಾದ ಸಭೆಯನ್ನು ನಡುವೆ ನಿಲ್ಲಿಸಿದರೆ ‘ಅಜರ್ನ್’, ಆರಂಭಕ್ಕೆ ಮೊದಲೇ ದಿನ ಬದಲಿಸಿದರೆ ‘ಪೋಸ್ಟ್‌ಪೋನ್’. ‘ಪೋಸ್ಟ್‌ಪೋನ್’, ‘ಡಿಲೇ’, ‘ಪುಟ್ ಆಫ್’ ಮೂರರ ಮುಂದೆಯೂ ಕ್ರಿಯಾಪದಕ್ಕೆ ‘ಇಂಗ್’ ಬರಬೇಕು: ‘ಪುಟ್ ಆಫ್ ಗೋಯಿಂಗ್’. ಪರ್ಷಿಯನ್ನಿನ ‘ಕೆ ಬೆರವಮ್’ ಕಟ್ಟು ‘ಟು ಗೋ’ ಎಂದು ಎಳೆಯುತ್ತದೆ, ಅದಕ್ಕೆ ಮಣಿಯಬಾರದು. ‘ಎಮ್ರೂಜ್ ಓ ಫರ್ದಾ ಕರ್ದನ್’, ನಮ್ಮ ‘ಇವತ್ತು ನಾಳೆ’ ಎಂದು ಸಾಗಹಾಕುವುದು, ಇಂಗ್ಲಿಷಿಗೆ ಹಾಗೇ ದಾಟುವುದಿಲ್ಲ. ತನ್ನ ಕೆಲಸ ತಾನೇ ತಳ್ಳುತ್ತಿದ್ದರೆ ‘ಪ್ರೊಕ್ರಾಸ್ಟಿನೇಟ್’, ಇನ್ನೊಬ್ಬರನ್ನು ಸತಾಯಿಸುತ್ತಿದ್ದರೆ ‘ಸ್ಟಾಲ್’.

ಕಾಗದಪತ್ರಗಳಲ್ಲಿ ಎರಡು ಪದ ಕಾಡುತ್ತವೆ. ಒಂದು ‘ತಮ್‌ದೀದ್’. ಪಾಸ್‌ಪೋರ್ಟಿಗೂ ವೀಸಾಕ್ಕೂ ಗಡುವಿಗೂ ಪರ್ಷಿಯನ್ನಿನಲ್ಲಿ ಇದೊಂದೇ ಸಾಕು. ಇಂಗ್ಲಿಷಿನಲ್ಲಿ ಪಾಸ್‌ಪೋರ್ಟ್ ‘ರಿನ್ಯೂ’ ಆಗುತ್ತದೆ, ಗಡುವು ‘ಎಕ್ಸ್‌ಟೆಂಡ್’ ಆಗುತ್ತದೆ. ಇನ್ನೊಂದು ‘ಮೊಆಫಿಯತೆ ತಹ್ಸೀಲಿ’. ಇರಾನಿನಲ್ಲಿ ಗಂಡಸರಿಗೆ ಸೇನಾ ಸೇವೆ ಕಡ್ಡಾಯ. ಓದುತ್ತಿರುವಷ್ಟು ಕಾಲ ಅದರಿಂದ ಸಿಗುವ ಬಿಡುವಿಗೆ ಈ ಹೆಸರು. ಪದಶಃ ಇದು ವಿನಾಯಿತಿ, ಆದ್ದರಿಂದ ವಿದೇಶಿ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಹಲವರು ‘ಎಕ್ಸೆಂಪ್ಷನ್’ ಎಂದು ಬರೆಯುತ್ತಾರೆ. ಓದುವ ಅಧಿಕಾರಿಗೆ ಅದು ಶಾಶ್ವತ ಬಿಡುಗಡೆಯಂತೆ ಕಾಣುತ್ತದೆ. ಓದು ಮುಗಿದ ಮೇಲೆ ಕರೆ ಬರುವಂಥ ಈ ತಾತ್ಕಾಲಿಕ ಬಿಡುವಿಗೆ ಇಂಗ್ಲಿಷಿನ ಸರಿಯಾದ ಪದ ‘ಡಿಫರ್ಮೆಂಟ್’. ಪ್ರವೇಶವನ್ನೇ ಒಂದು ವರ್ಷ ತಡ ಮಾಡಿ ಎಂದು ಕೇಳುವಾಗ ಮಾತ್ರ ‘ಡಿಫರಲ್’ ಎನ್ನುವುದು ರೂಢಿ.