ತಣ್ಣೀರು ಸುರಿದರೆ ಹೊಗೆ ತಣಿಯದು

ಜನವರಿಯ ಬೆಳಗ್ಗೆ ಚೆಂಬೂರು, ಮಾಹುಲ್ ಕಡೆಯ ಯಾವುದೋ ಚಿಮಣಿಯ ತುದಿಯಲ್ಲಿ ದಟ್ಟ ಬಿಳಿ ಮೋಡ ಕಂಡರೆ ಸಾಕು, ಮಾಟುಂಗದಿಂದ ಡೊಂಬಿವಲಿವರೆಗಿನ ನಮ್ಮ ಕನ್ನಡದ ಮನೆಗಳಲ್ಲಿ ಒಂದೇ ಮಾತು: ‘ರಾತ್ರಿ ಎಲ್ಲರೂ ಮಲಗಿದ ಮೇಲೆ ವಿಷ ಬಿಡ್ತಾರೆ ನೋಡಿ.’ ವಿಷಕ್ಕೆ ಅಷ್ಟು ಒಳ್ಳೆಯ ಬಣ್ಣ ಇರುವುದಿಲ್ಲ. ಗಂಧಕದ ಡೈಆಕ್ಸೈಡಿಗೆ ಬಣ್ಣವೇ ಇಲ್ಲ. ಕಾಣುವ ಬಿಳುಪು ನೀರಿನ ಹನಿ. ನೀರಿನಲ್ಲಿ ತೊಳೆದ ಅನಿಲ ಒದ್ದೆಯಾಗಿ ಹೊರಬರುತ್ತದೆ, ತಂಪು ಗಾಳಿಗೆ ಸಿಕ್ಕಿ ಬೆಳ್ಳಗಾಗುತ್ತದೆ. ಏನೂ ತೊಳೆಯದೆ ಬಿಸಿಬಿಸಿಯಾಗಿ ಬಿಟ್ಟ ಚಿಮಣಿಯ ತುದಿ ಎಷ್ಟೋ ಸಲ ಖಾಲಿ ಕಾಣುತ್ತದೆ. ನಿಜಕ್ಕೂ ಅನುಮಾನ ಪಡಬೇಕಾದದ್ದು ಬಿಳಿ ಕರಗಿದ ಮೇಲೂ ದೂರದವರೆಗೆ ಉಳಿಯುವ ತೆಳು ನೀಲಿ ಎಳೆಯನ್ನು. ಅದು ಗಂಧಕಾಮ್ಲದ ಮಂಜು. ಅದು ಹುಟ್ಟುವುದು ಅನಿಲವನ್ನು ತಣಿಸುವ ರೀತಿಯಿಂದಲೇ.

ಕಲ್ಲಿದ್ದಲು ಬಾಯ್ಲರಿನಿಂದ ಹೊರಟ ಹೊಗೆ, ಅಂದರೆ ಫ್ಲೂ ಗ್ಯಾಸ್, ಬೂದಿ ಹಿಡಿಯುವ ಇಎಸ್‌ಪಿ ದಾಟಿ ಅನಿಲ ತೊಳೆಯುವ ಸ್ಕ್ರಬ್ಬರಿಗೆ ಬರುವಾಗ ಸುಮಾರು 140 ಡಿಗ್ರಿ ಇರುತ್ತದೆ. ಅದನ್ನು 50ರ ಆಸುಪಾಸಿಗೆ ಇಳಿಸಲೇಬೇಕು. ನೀರು ಬಿಸಿಯಾದಷ್ಟೂ ಗಂಧಕದ ಡೈಆಕ್ಸೈಡನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. 20 ಡಿಗ್ರಿಯ ನೀರು ಕರಗಿಸಿಕೊಳ್ಳುವುದರ ಅರ್ಧದಷ್ಟನ್ನೇ 40 ಡಿಗ್ರಿಯ ನೀರು ಕರಗಿಸಿಕೊಳ್ಳುತ್ತದೆ. ಸ್ಕ್ರಬ್ಬರಿನ ಒಳಗೋಡೆಯ ರಬ್ಬರ್ ಲೈನಿಂಗೂ 140 ಡಿಗ್ರಿ ತಡೆಯದು.

‘ಹಾಗಾದರೆ ಇನ್ನಷ್ಟು ತಣ್ಣೀರು ಹೊಡೆಯಿರಿ’ ಎನ್ನುವವರು ಇದ್ದಾರೆ, ಇಂಜಿನಿಯರುಗಳಲ್ಲೂ. ಲೆಕ್ಕ ಹಾಕಿ ನೋಡಿ. ಒಂದು ಕೆಜಿ ನೀರು 30ರಿಂದ 50 ಡಿಗ್ರಿಗೆ ಕಾಯಲು ಹೀರುವುದು ಸುಮಾರು 84 ಕಿಲೋಜೂಲ್. ಅದೇ ನೀರು ಆವಿಯಾಗಲು ಹೀರುವುದು 2,400ರ ಹತ್ತಿರ. 1760ರ ದಶಕದಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ತೋರಿಸಿದ್ದು ಇದನ್ನೇ: ಕುದಿಯುವ ನೀರು ಶಾಖ ನುಂಗುತ್ತಲೇ ಇರುತ್ತದೆ, ಉಷ್ಣತೆ ಮಾತ್ರ ಏರುವುದಿಲ್ಲ. ಆ ಗುಪ್ತ ಶಾಖವೇ ಇಲ್ಲಿ ಕೆಲಸ ಮಾಡುವುದು. ನೀರು ತಣಿಸುವ ಚಿಲ್ಲರ್ ಇಟ್ಟು ನೀರನ್ನು ಇನ್ನೂ 20 ಡಿಗ್ರಿಯಷ್ಟು ತಣ್ಣಗೆ ಮಾಡಿದರೂ ಸಿಗುವ ಲಾಭ ನೂರಕ್ಕೆ ಮೂರೋ ನಾಲ್ಕೋ. ಅನಿಲ ತೇವದಿಂದ ತುಂಬಿದ ಮೇಲೆ, ಅಂದರೆ 48–52 ಡಿಗ್ರಿಗೆ ಬಂದ ಮೇಲೆ, ಇನ್ನಷ್ಟು ನೀರು ಚಿಮುಕಿಸಿ ಫಲವಿಲ್ಲ. ಮುಂಬಯಿಯ ಜುಲೈ ಸೆಕೆಯನ್ನೂ ದೂರುವಂತಿಲ್ಲ. ಕೂಲಿಂಗ್ ಟವರಿಗೆ ಆ ಆರ್ದ್ರತೆ ಶತ್ರು ನಿಜ, ಆದರೆ ಫ್ಲೂ ಗ್ಯಾಸಿನಲ್ಲಿ ಅದು ಒಂದೆರಡು ಡಿಗ್ರಿಯ ವ್ಯತ್ಯಾಸ ಅಷ್ಟೆ.

ಸಮುದ್ರದ ನೀರಿನಿಂದ ತೊಳೆಯುವ ಕಡೆ ಲೆಕ್ಕ ಬೇರೆ. ಟ್ರಾಂಬೆಯಲ್ಲಿ ಟಾಟಾ ಪವರ್ 1980ರ ದಶಕದ ಕೊನೆಯಲ್ಲೇ ಇಂಥ ಸ್ಕ್ರಬ್ಬರ್ ಹಾಕಿತು, ದೇಶದಲ್ಲಿ ಅದೇ ಮೊದಲು. ಅಲ್ಲಿ ಹಬೆಯನ್ನು ನೀರಾಗಿಸುವ ಕಂಡೆನ್ಸರಿನಿಂದ ಹೊರಬಂದ ಕಡಲ ನೀರೇ ಹೊಳೆಯಾಗಿ ಹರಿಯುತ್ತದೆ. ಅದರಲ್ಲಿರುವ ಬೈಕಾರ್ಬೊನೇಟು ಆಮ್ಲವನ್ನು ನುಂಗುತ್ತದೆ, ಆಮೇಲೆ ಗಾಳಿ ಊದಿ ಸಲ್ಫೈಟನ್ನು ಸಲ್ಫೇಟು ಮಾಡಿ ನೀರನ್ನು ಕಡಲಿಗೆ ಬಿಡುತ್ತಾರೆ. ನೀರು ಅಷ್ಟು ಹೇರಳವಾಗಿದ್ದಾಗ ಅದರ ತಂಪಿಗೂ ಬೆಲೆ ಬರುತ್ತದೆ. ಒಳನಾಡಿನ ಸ್ಥಾವರಕ್ಕೆ ಆ ಐಷಾರಾಮವಿಲ್ಲ.

ಇನ್ನು ಹನಿಯ ವಿಷಯ. ಇದನ್ನು ನಾಲ್ಕು ಸಾಲಿನಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ. ದೋಸೆ ಕಾವಲಿಗೆ ಕೈಯಿಂದ ಚಿಮುಕಿಸಿದ ನೀರು ಚುರ್ರೆಂದು ಹಾರಿಹೋಗುತ್ತದೆ. ಒಂದು ಲೋಟ ಸುರಿದರೆ ಮಧ್ಯೆ ಮಡುಗಟ್ಟಿ ಅಂಚಿನಿಂದ ಒಲೆಗೆ ಇಳಿಯುತ್ತದೆ. ಹನಿ ಆವಿಯಾಗಲು ಬೇಕಾದ ಸಮಯ ಅದರ ವ್ಯಾಸದ ವರ್ಗಕ್ಕೆ ಅನುಗುಣ. 140 ಡಿಗ್ರಿಯ ಅನಿಲದಲ್ಲಿ 100 ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಹನಿಗೆ ಸುಮಾರು ಒಂದು ಸೆಕೆಂಡು ಸಾಕು. ಅನಿಲ ಹರಿಯುವ ದೊಡ್ಡ ಕೊಳವೆ, ಅಂದರೆ ಡಕ್ಟಿನಲ್ಲಿ, ಅದರ ವೇಗ ಸೆಕೆಂಡಿಗೆ 15 ಮೀಟರ್ ಇದ್ದರೆ, ಆ ಹನಿಗೆ 15 ಮೀಟರ್ ನೇರ ದಾರಿ ಬೇಕು. ಅನಿಲ ತಣಿದಂತೆ ಆವಿಯಾಗುವುದೂ ನಿಧಾನವಾಗುವುದರಿಂದ ಇನ್ನೂ ಸ್ವಲ್ಪ ಹೆಚ್ಚೇ ಬೇಕು. 500 ಮೈಕ್ರಾನಿನ ಹನಿಗೆ ಸಮಯ ಇಪ್ಪತ್ತೈದು ಪಟ್ಟು. ಅಷ್ಟು ಉದ್ದದ ಡಕ್ಟು ಯಾರೂ ಕಟ್ಟುವುದಿಲ್ಲ. ಹನಿ ಮೊದಲ ತಿರುವಿನಲ್ಲೇ ಗೋಡೆಗೆ ಬಡಿಯುತ್ತದೆ, ಅಲ್ಲಿ ಬೂದಿ ಸೇರಿ ಸಿಮೆಂಟಿನಂಥ ಗಡ್ಡೆಯಾಗುತ್ತದೆ, ಗಡ್ಡೆಯ ಅಡಿಯಲ್ಲಿ ಆಮ್ಲ ಕೂತು ಉಕ್ಕನ್ನು ತಿನ್ನುತ್ತದೆ. ಒಣ ಭಾಗವೂ ಒದ್ದೆ ಭಾಗವೂ ಸೇರುವ ಗೆರೆಯಲ್ಲೇ ಡಕ್ಟು ಮೊದಲು ತೂತಾಗುವುದು, ಹಾಗಾಗಿ ಅಷ್ಟು ಜಾಗಕ್ಕೆ ದುಬಾರಿ ನಿಕಲ್ ಮಿಶ್ರಲೋಹದ ಹೊದಿಕೆ ಹಾಕುತ್ತಾರೆ.

ಹನಿ ಸಣ್ಣದಾಗಲೆಂದು ಪಂಪಿನ ಒತ್ತಡ ಏರಿಸುವುದು ಎಲ್ಲರೂ ಮೊದಲು ಮಾಡುವ ಕೆಲಸ. ಒತ್ತಡ ಇಮ್ಮಡಿಯಾದರೂ ಹನಿ ಕುಗ್ಗುವುದು ಐದರಲ್ಲಿ ಒಂದು ಪಾಲು, ನೀರು ಚಿಮ್ಮಿಸುವ ನಾಝಲಿನ ಬಾಯಿ ಸವೆಯುವುದು ಮಾತ್ರ ಬೇಗ. ದೊಡ್ಡ ನಾಝಲ್ ನಾಲ್ಕರ ಬದಲು ಚಿಕ್ಕವು ಹದಿನಾರು ಇರಲಿ, ಅಥವಾ ನೀರಿನ ಜೊತೆ ಕಂಪ್ರೆಸ್ಡ್ ಏರ್ ಕೊಡುವ ನಾಝಲ್ ಹಾಕಿ. ಶಟ್‌ಡೌನಿನಲ್ಲಿ ನಾಝಲ್ ಕೂರಿಸಿದ ಉದ್ದ ಕೊಳವೆಯನ್ನು (ಲ್ಯಾನ್ಸ್) ಹೊರಗೆಳೆದು ಬಯಲಲ್ಲಿ ನೀರು ಬಿಟ್ಟು ನೋಡಿ. ಸಿಂಪಡಣೆಯಲ್ಲಿ ಗೆರೆಗೆರೆ ಕಂಡರೆ ಬಾಯಿ ಚಿಪ್ಪೆದ್ದಿದೆ ಎಂದರ್ಥ. ಬಕೆಟ್ಟು, ಸ್ಟಾಪ್‌ವಾಚ್ ಹಿಡಿದು ಅಳೆದಾಗ ಅದೇ ಒತ್ತಡದಲ್ಲಿ ನೂರಕ್ಕೆ ಹತ್ತರಷ್ಟು ಹೆಚ್ಚು ನೀರು ಬಂದರೆ ಬದಲಿಸುವ ಕಾಲ ಬಂತು.

ಕಂಟ್ರೋಲ್ ರೂಮಿನ ಪರದೆಯನ್ನೂ ಪೂರ್ತಿ ನಂಬಬೇಡಿ. ಸಿಂಪಡಣೆಯ ಮುಂದಿರುವ, ಉಷ್ಣತೆ ಅಳೆಯುವ ಥರ್ಮೋಕಪಲ್ ಮೇಲೆ ಹನಿ ಬಿದ್ದರೆ ಅದು ತೋರಿಸುವುದು ತನ್ನ ಒದ್ದೆ ಮೈಯ ಉಷ್ಣತೆಯನ್ನು, ಸುಮಾರು 50. ಅನಿಲ 95ರಲ್ಲೇ ಹೋಗುತ್ತಿರುತ್ತದೆ, ಆಪರೇಟರ್ ಎಲ್ಲ ಸರಿಯಿದೆ ಎಂದು ನೀರು ಕಡಿಮೆ ಮಾಡುತ್ತಾನೆ. ಹನಿ ತಾಗದಂತೆ ಮರೆ ಕೊಟ್ಟ ಮೂರು ಥರ್ಮೋಕಪಲ್‌ಗಳನ್ನು ಡಕ್ಟಿನ ಅಡ್ಡಕ್ಕೆ ಬೇರೆಬೇರೆ ಕಡೆ ಇಡುವುದು ಇದಕ್ಕಾಗಿ.

ಆದರೂ ನನ್ನ ಪ್ರಕಾರ ಅತಿ ಒಳ್ಳೆಯ ನಾಝಲ್ ಅಂದರೆ ಕೆಲಸ ಕಡಿಮೆ ಇರುವ ನಾಝಲ್. 500 ಮೆಗಾವಾಟ್ ಘಟಕದಿಂದ ಸೆಕೆಂಡಿಗೆ 700 ಕೆಜಿ ಅನಿಲ ಬರುತ್ತದೆ ಎಂದಿಟ್ಟುಕೊಳ್ಳಿ. 140ರಿಂದ 50ಕ್ಕೆ ಇಳಿಸಲು 66 ಮೆಗಾವಾಟ್ ಶಾಖ ತೆಗೆಯಬೇಕು, ಗಂಟೆಗೆ ಸುಮಾರು 100 ಟನ್ ನೀರು ಆವಿಯಾಗಿ ಆಕಾಶಕ್ಕೆ ಹೋಗುತ್ತದೆ. ಇಎಸ್‌ಪಿಗೂ ಮುಂಚೆ ಒಂದು ಕೊಳವೆ ಕೂಲರ್ ಇಟ್ಟು, ಬಾಯ್ಲರಿಗೆ ಹಿಂತಿರುಗುವ ಕಂಡೆನ್ಸೇಟ್ ನೀರನ್ನು ಅದರಲ್ಲಿ ಹಾಯಿಸಿ ಅನಿಲವನ್ನು 90ಕ್ಕೆ ಇಳಿಸಿದರೆ ನೀರಿನ ಖರ್ಚು ಅರ್ಧಕ್ಕಿಂತ ಕೆಳಗೆ ಬರುತ್ತದೆ. ಅನಿಲದ ಗಾತ್ರವೂ ನೂರಕ್ಕೆ ಹನ್ನೆರಡರಷ್ಟು ಕುಗ್ಗುತ್ತದೆ, ಬೂದಿಯ ವಿದ್ಯುತ್ ರೋಧ ಇಳಿದು ಇಎಸ್‌ಪಿ ಹೆಚ್ಚು ಬೂದಿ ಹಿಡಿಯುತ್ತದೆ. ನೀಲಿ ಎಳೆಗೂ ಇಲ್ಲೇ ಮದ್ದು. ಬಿಸಿ ಅನಿಲಕ್ಕೆ ಏಕಾಏಕಿ ನೀರು ಹೊಡೆದರೆ ಅದರಲ್ಲಿರುವ ಗಂಧಕದ ಟ್ರೈಆಕ್ಸೈಡ್ ನೀರಿನೊಂದಿಗೆ ಸೇರಿ ಮೈಕ್ರಾನಿಗಿಂತ ಸಣ್ಣ ಗಂಧಕಾಮ್ಲದ ಹನಿಗಳಾಗಿ ಸ್ಕ್ರಬ್ಬರಿನಿಂದಲೂ ನುಸುಳುತ್ತದೆ. ಬೂದಿ ತುಂಬಿದ ಅನಿಲವನ್ನು ನಿಧಾನಕ್ಕೆ ತಣಿಸಿದರೆ ಆ ಆಮ್ಲ ಬೂದಿಯ ಕಣಕ್ಕೆ ಅಂಟಿ ಅದರೊಂದಿಗೇ ಕೆಳಗಿಳಿಯುತ್ತದೆ. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಬೂದಿ ವಿಪರೀತ, ಇಲ್ಲಿ ಅದು ಅನುಕೂಲವೇ. ಕೊಳವೆಗಳು ಸವೆಯುತ್ತವೆ, ಕಟ್ಟಿಕೊಳ್ಳುತ್ತವೆ. ಊದಿ ತೆಗೆಯುವ ಏರ್ಪಾಡು ಇಲ್ಲದೆ ಹಾಕಬಾರದು.

ತಣಿಸಿದ್ದು ಅತಿಯಾದರೆ? ಲಂಡನ್ನಿನ ಬ್ಯಾಟರ್‌ಸೀ ಸ್ಥಾವರದಲ್ಲಿ 1930ರ ದಶಕದಲ್ಲೇ ಥೇಮ್ಸ್ ನದಿಯ ನೀರಿನಿಂದ ಹೊಗೆ ತೊಳೆಯುತ್ತಿದ್ದರು. ತೊಳೆದ ಹೊಗೆ ತಣ್ಣಗಾಗಿ ಮೇಲೇರದೆ ಊರಿನ ಮೇಲೇ ಇಳಿಯುತ್ತಿತ್ತು. ಒಳಬರುವ ಅನಿಲದ ಶಾಖವನ್ನು ಹೊರಹೋಗುವ ಅನಿಲಕ್ಕೆ ದಾಟಿಸಿ 80 ಡಿಗ್ರಿಗೆ ಏರಿಸುವ ಯಂತ್ರ ಇದಕ್ಕೆಂದೇ ಇದೆ. ತಿರುಗುವ ಮಾದರಿಯದ್ದಾದರೆ ಕೊಳಕು ಅನಿಲ ನೂರಕ್ಕೆ ಒಂದೆರಡು ಪಾಲು ಶುದ್ಧ ಅನಿಲಕ್ಕೆ ಸೋರುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಗೆ, ಕರೆಂಟು ಹೋಗಿ ಸ್ಕ್ರಬ್ಬರಿನ ಪಂಪುಗಳೆಲ್ಲ ಒಟ್ಟಿಗೆ ನಿಂತಾಗ ಏನು ಗತಿ ಎಂಬುದನ್ನು ಮೊದಲ ದಿನವೇ ಕೇಳಬೇಕು. ಬಿಸಿ ಅನಿಲ ರಬ್ಬರನ್ನು ಮುಟ್ಟಲು ನಿಮಿಷಗಳೂ ಬೇಡ. ಹಾಗಾಗಿ ತುರ್ತು ಸಿಂಪಡಣೆಯ ನೀರು ಎತ್ತರದ ಟ್ಯಾಂಕಿನಿಂದ ತಾನಾಗಿ ಇಳಿಯಬೇಕು, ಅದರ ವಾಲ್ವು ವಿದ್ಯುತ್ ಇಲ್ಲದಾಗ ತೆರೆದುಕೊಳ್ಳುವ ಜಾತಿಯದ್ದಾಗಿರಬೇಕು. ಆ ಟ್ಯಾಂಕಿನ ನೀರನ್ನು ಅಂಗಳ ತೊಳೆಯಲು ಬಳಸದಂತೆ ಬೇರೆ ನಲ್ಲಿ ಕೊಟ್ಟಿಡಿ.