ಓಆರ್‌ಎಸ್ ಪ್ಯಾಕೆಟ್ಟು ಯಾವ ದೇಶದ್ದು?

ಹೋದ ಬೇಸಿಗೇಲಿ ತ್ಯಾಗರಾಜನಗರದಲ್ಲಿ ನಮ್ಮತ್ತೆ ಮನೆ ರೋಡಲ್ಲಿ ಕುಡಿಯೋ ನೀರಿನ ಪೈಪಿಗೆ ಚರಂಡಿ ನೀರು ಸೇರ್ಕೊಂಡು ಅರ್ಧ ಬೀದಿಗೆ ಲೂಸ್ ಮೋಷನ್. ಮೆಡಿಕಲ್ ಶಾಪಿಂದ ನಾಲ್ಕು ಓಆರ್‌ಎಸ್ ಪ್ಯಾಕೆಟ್, ಅದೇ ನೀರಲ್ಲಿ ಕಲಸಿ ಕುಡಿಯೋ ಉಪ್ಪು-ಗ್ಲೂಕೋಸ್ ಪುಡಿ, ತಗೊಂಡು ಓಡಿದೆ. ದಿವಾನದ ಮೇಲೆ ಮುದುರಿಕೊಂಡು ಮಲಗಿದ್ದ ಅತ್ತೆ ಪ್ಯಾಕೆಟ್ ನೋಡಿದ್ದೇ "ಇಂಗ್ಲಿಷ್ ಔಷಧಿ ಬೇಡ ಕಣೋ, ನಂಗೆ ಹೀಟ್ ಆಗತ್ತೆ" ಅಂದ್ರು. ಪಕ್ಕದಲ್ಲಿ ಸ್ಟೀಲ್ ಲೋಟದಲ್ಲಿ ಉಪ್ಪು ಹಾಕಿದ ಗಂಜಿ ತಿಳಿ. ಕಿಟಕಿ ಕಟ್ಟೆ ಮೇಲೆ ಹೋಮಿಯೋಪತಿ ಸಕ್ಕರೆ ಗುಳಿಗೆ ಬಾಟ್ಲಿ, ಅದು ಮಾತ್ರ "ನಮ್ಮದು".

ಈ ನಮ್ಮದು-ಅವರದು ಲೆಕ್ಕ ನಂಗೆ ಯಾವತ್ತೂ ಅರ್ಥ ಆಗಿಲ್ಲ. ಹೋಮಿಯೋಪತಿ ಅಪ್ಪಟ ಜರ್ಮನಿ ಮಾಲು, ಹಾನಿಮನ್ ಅನ್ನೋ ಡಾಕ್ಟ್ರು ಶುರು ಮಾಡಿದ್ದು. ಅಲೋಪತಿ ಅನ್ನೋ ಪದಾನೂ ಅವನದ್ದೇ, ಆವತ್ತಿನ ಬೇರೆ ಡಾಕ್ಟ್ರುಗಳನ್ನ ಹಂಗಿಸೋಕೆ ಹುಟ್ಟಿಸಿದ್ದು. ಹಂಗಿಸಿದ್ದರಲ್ಲಿ ತಪ್ಪೇನೂ ಇರ್ಲಿಲ್ಲ ಬಿಡಿ. ಆಗ ಯುರೋಪಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಅಂತ ನಾಲ್ಕು ದ್ರವ, ನಮ್ಮ ವಾತ ಪಿತ್ತ ಕಫದ ದಾಯಾದಿಗಳ ಥರ, ಅದು ಏರುಪೇರಾದ್ರೆ ಕಾಯಿಲೆ, ಕಾಯಿಲೆ ಅಂದ್ರೆ ಕೈ ಕುಯ್ದು ರಕ್ತ ಬಿಡೋದು. ಅಮೆರಿಕದ ಜಾರ್ಜ್ ವಾಷಿಂಗ್ಟನ್‌ಗೆ 1799ರ ಡಿಸೆಂಬರಲ್ಲಿ ಗಂಟಲು ಕಟ್ಟಿ ಉಸಿರಾಡೋಕೇ ಕಷ್ಟ ಆದಾಗ ಡಾಕ್ಟ್ರುಗಳು ಒಂದೇ ದಿನದಲ್ಲಿ ಎರಡು ಲೀಟರ್‌ಗೂ ಮೇಲೆ ರಕ್ತ ತೆಗೆದ್ರು, ರಾತ್ರಿ ಹೊತ್ತಿಗೆ ಮನುಷ್ಯ ಇಲ್ಲ. ನಿಜವಾದ ಪಾಶ್ಚಾತ್ಯ ವೈದ್ಯಪದ್ಧತಿ ಅಂತ ಏನಾದ್ರೂ ಇದ್ರೆ ಅದೇ. ಅದನ್ನ ಮುಗಿಸಿದ್ದು ಎಣಿಕೆ. ಪ್ಯಾರಿಸ್ಸಿನ ಪಿಯೆರ್ ಲೂಯಿ 1830ರ ಆಸುಪಾಸಲ್ಲಿ ನ್ಯುಮೋನಿಯಾ ರೋಗಿಗಳ ಪಟ್ಟಿ ಹಾಕ್ಕೊಂಡು ಎಷ್ಟು ಜನ ಉಳಿದ್ರು, ಎಷ್ಟು ಜನ ಹೋದ್ರು ಅಂತ ಲೆಕ್ಕ ಮಾಡಿದ, ರಕ್ತ ಬಿಟ್ಟಿದ್ದರಿಂದ ಹೇಳ್ಕೊಳ್ಳೋ ಅಂಥ ಲಾಭ ಕಾಣಲಿಲ್ಲ. ಎಣಿಸೋದಕ್ಕೆ ಜಾತಿ ದೇಶ ಎಲ್ಲಿಂದ ಬರಬೇಕು?

ಪ್ಯಾಕೆಟ್ಟಿಗೆ ಬರೋಣ, ಇದು ನಂಗೆ ತುಂಬಾ ಇಷ್ಟದ ವಿಷಯ. ಕಾಲರಾದಲ್ಲಿ ಸಾಯೋದು ನೀರು ಖಾಲಿಯಾಗಿ. ಬ್ಯಾಕ್ಟೀರಿಯಾ ಬಿಡೋ ವಿಷ ಕರುಳಿನ ಗೋಡೆಯಲ್ಲಿರೋ ಕ್ಲೋರೈಡ್ ನಲ್ಲಿಗಳನ್ನ ತೆರೆದು ಹಾಗೇ ಬಿಟ್ಟುಬಿಡತ್ತೆ, ಉಪ್ಪು ಹೊರಗೆ ಸುರಿಯತ್ತೆ, ಅದರ ಹಿಂದೆ ನೀರು. ಈ ವಿಷ ಇದೆ ಅಂತ 1959ರಲ್ಲಿ ಮೊಲದ ಕರುಳು ಇಟ್ಕೊಂಡು ತೋರಿಸಿದ್ದು ಕಲ್ಕತ್ತಾದ ಶಂಭುನಾಥ್ ಡೇ. ಬರೀ ನೀರು ಕುಡಿಸಿದ್ರೆ ನಿಲ್ಲಲ್ಲ, ಉಪ್ಪು ನೀರೂ ಅಷ್ಟೇ. ಆದ್ರೆ ಅದೇ ಗೋಡೆಯಲ್ಲಿ ಇನ್ನೊಂದು ಬಾಗಿಲಿದೆ, ವಿಷಕ್ಕೆ ಅದನ್ನ ಮುಟ್ಟೋಕಾಗಲ್ಲ. ಬ್ಯಾಂಕ್ ಲಾಕರ್ ನೆನೆಸ್ಕೊಳ್ಳಿ, ನಿಮ್ಮ ಕೀನೂ ಬೇಕು ಮ್ಯಾನೇಜರ್ ಕೀನೂ ಬೇಕು, ಒಂದರಲ್ಲಿ ತೆಗೆಯಲ್ಲ. ಇಲ್ಲಿ ಒಂದು ಕೀ ಸೋಡಿಯಂ, ಇನ್ನೊಂದು ಗ್ಲೂಕೋಸ್. ಎರಡು ಸೋಡಿಯಂ ಒಂದು ಗ್ಲೂಕೋಸ್ ಒಟ್ಟಿಗೆ ಬಂದ್ರೇನೇ ಒಳಗೆ ಬಿಡೋದು. ಇಲ್ಲ, ಲಾಕರಿಗಿಂತ ಛತ್ರದ ಬಾಗಿಲು ಅನ್ನಿ, ಗಂಡಿನ ಕಡೆಯೋರು ಒಳಗೆ ಬಂದ್ರೆ ಹಿಂದೇನೇ ನೆಂಟರ ದಂಡು ನುಗ್ಗತ್ತಲ್ಲ, ಹಂಗೆ ಸೋಡಿಯಂ ಒಳಗೆ ಹೋದ್ರೆ ನೀರೂ ಹಿಂದೆ ಹೋಗತ್ತೆ. ಒಳಗೆ ಬಂದ ಸೋಡಿಯಂನ ಜೀವಕೋಶ ಹಿಂದಿನ ಬಾಗಿಲಿಂದ ರಕ್ತದ ಕಡೆಗೆ ದಬ್ಬುತ್ತಾನೇ ಇರತ್ತೆ, ಅದಕ್ಕೇ ಮುಂದಿನ ಬಾಗಿಲಲ್ಲಿ ಕ್ಯೂ ಮುಂದೆ ಸಾಗ್ತಾ ಇರತ್ತೆ, ಸಂಪ್‌ನಿಂದ ಮೋಟ್ರು ನೀರು ಎತ್ತುತ್ತಾ ಇದ್ರೆ ಕಾರ್ಪೊರೇಷನ್ ಲೈನಿಂದ ಸಂಪ್‌ಗೆ ಬರ್ತಾ ಇರತ್ತಲ್ಲ ಆ ಥರ.

ಈಗಿನ ಪ್ಯಾಕೆಟ್ಟಲ್ಲಿ ಲೀಟರಿಗೆ ಸೋಡಿಯಂ 75 ಗ್ಲೂಕೋಸ್ 75 ಮಿಲಿಮೋಲ್ (ತೂಕ ಅಲ್ಲ, ಕಣಗಳ ಎಣಿಕೆ ಲೆಕ್ಕ), ಸರಿಸಮ. ಅದಕ್ಕೇ ಹಣ್ಣಿನ ಚಿತ್ರ ಇರೋ ಟೆಟ್ರಾಪ್ಯಾಕ್ ಸಿಹಿನೀರನ್ನ ಓಆರ್‌ಎಸ್ ಬದಲು ಮಕ್ಕಳಿಗೆ ಕುಡಿಸೋರನ್ನ ಕಂಡ್ರೆ ಮೈ ಉರಿಯತ್ತೆ. ಸಕ್ಕರೆ ಅತಿಯಾದ್ರೆ ನೀರು ಉಲ್ಟಾ ಕರುಳಿನೊಳಗೇ ಬಂದು ಭೇದಿ ಹೆಚ್ಚಾಗತ್ತೆ ಕಣ್ರೀ.

ಈ ಜೋಡಿ ಬಾಗಿಲನ್ನ ಅಮೆರಿಕದ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ವಿವರಿಸಿದ. 1968ರಲ್ಲಿ ನಾಲಿನ್ ಮತ್ತೆ ಕ್ಯಾಶ್ ಅನ್ನೋ ಅಮೆರಿಕದ ಡಾಕ್ಟ್ರುಗಳು ಢಾಕಾದಲ್ಲಿ ಕಾಲರಾ ರೋಗಿಗಳಿಗೆ ಉಪ್ಪು-ಗ್ಲೂಕೋಸ್ ನೀರು ಕುಡಿಸಿ ನೋಡಿದ್ರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬೊಂಗಾವ್ ಶಿಬಿರದಲ್ಲಿ ಕಾಲರಾದಿಂದ ಸಾಲುಸಾಲಾಗಿ ಸಾಯ್ತಿದ್ದಾಗ, ಡ್ರಿಪ್ ಬಾಟ್ಲಿ ಮುಗಿದೋದಾಗ, ಡಾಕ್ಟ್ರು ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡ, ಗ್ಲೂಕೋಸ್ ಡ್ರಮ್ಮಲ್ಲಿ ಕಲಸಿ, ರೋಗಿಗಳ ಮನೆಯೋರ ಕೈಲೇ ಲೋಟ ಲೋಟ ಕುಡಿಸಿದ್ರು. ನೂರಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗೆ ಬಂತು. ಹೇಳಿ, ಇದು ಯಾವೂರ ಔಷಧಿ? ಅತ್ತೆ ಗಂಜಿನೂ ಇದೇ ಬಾಗಿಲು ತಟ್ಟೋದು, ಅಕ್ಕಿಯ ಪಿಷ್ಟ ಒಡೆದು ಗ್ಲೂಕೋಸ್ ಆಗತ್ತೆ. ಉಪ್ಪಿನ ಅಳತೆ ಮಾತ್ರ ಕೈ ಅಂದಾಜು.

ಹಾಗಂತ ಆಸ್ಪತ್ರೆ ವೈದ್ಯದಲ್ಲಿ ಎಲ್ಲಾ ಸರಿಯಿದೆ ಅಂತಲ್ಲ. ಕೋವಿಡ್‌ನಲ್ಲಿ ಎಲ್ಲರೂ ಬೆರಳಿಗೆ ಸಿಕ್ಕಿಸ್ಕೊಂಡ ಆಕ್ಸಿಮೀಟರ್ ಇದೆಯಲ್ಲ, ಕಪ್ಪು ಚರ್ಮದವರಲ್ಲಿ ಅದು ರಕ್ತದ ಆಕ್ಸಿಜನ್‌ನ ಎಷ್ಟೋ ಸಲ ಇರೋದಕ್ಕಿಂತ ಜಾಸ್ತಿ ತೋರಿಸತ್ತೆ. ಐಡಿಯಾ ಜಪಾನಿನ ತಕುವೊ ಅಯೊಯಾಗಿದು, ಆದ್ರೂ ಮೆಷಿನ್ನುಗಳನ್ನ ಹೆಚ್ಚಾಗಿ ಬಿಳಿ ಚರ್ಮದವರ ಮೇಲೇ ಪರೀಕ್ಷೆ ಮಾಡಿದ್ರು. ಈ ಎಡವಟ್ಟು ಗೊತ್ತಾಗಿದ್ದೂ ಮೆಷಿನ್ ಹೇಳಿದ್ದನ್ನ ರಕ್ತದ ಟೆಸ್ಟ್ ಜೊತೆ ಇಟ್ಟು ಲೆಕ್ಕ ಹಾಕಿದ್ದಕ್ಕೇ.

ಇದನ್ನೆಲ್ಲ ಅತ್ತೆಗೆ ಅರ್ಧ ಗಂಟೆ ಕೊರೆದೆ. ಅವರು ಕನ್ನಡಕ ಹಾಕ್ಕೊಂಡು ಪ್ಯಾಕೆಟ್ ಹಿಂದೆ ಮುಂದೆ ತಿರುಗಿಸಿದ್ರು, ಬರೀ ಇಂಗ್ಲಿಷು ಹಿಂದಿ, ಅದೂ ಇರುವೆ ಗಾತ್ರದ ಅಕ್ಷರ. "ಇಂಗ್ಲಿಷ್ ಔಷಧಿ ಅಲ್ಲ ಅಂತೀಯ, ಇದರಲ್ಲಿ ಏನು ಬರ್ದಿದೆ?" ಅಂದ್ರು. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಪೂರ್ತಿ ಪ್ಯಾಕೆಟ್ ಅಂತ ಓದಿ ಹೇಳಿದೆ. "ಒಂದು ಲೀಟರ್ ಅಂದ್ರೆ ನಮ್ಮನೇಲಿ ಯಾವ ಪಾತ್ರೆ?" ನನ್ನ ಹತ್ರ ಉತ್ತರ ಇರ್ಲಿಲ್ಲ. ಅವರೇ ಗೋಡೆ ಹಿಡ್ಕೊಂಡು ಅಡುಗೆಮನೆಗೆ ಹೋಗಿ ಹಾಲು ಕಾಯಿಸೋ ಪಾತ್ರೆ ತಂದ್ರು, ದಿನಾ ಎರಡು ಅರ್ಧ ಲೀಟರ್ ನಂದಿನಿ ಪ್ಯಾಕೆಟ್ ಸುರಿಯೋದು ಅದಕ್ಕೇನೇ, ಹಾಲು ನಿಲ್ಲೋ ಮಟ್ಟಕ್ಕೆ ಒಳಗೊಂದು ಕಂದು ಗೆರೆ. "ಈ ಗೆರೆ ತನಕ" ಅಂದ್ರು.